ಮೂರನೇ ರಾತ್ರಿ ನಿದ್ದೆಗೆಟ್ಟ ಅಪ್ಪ

ಪುಟ್ಟಿ,

ನಿನ್ನೆ ರಾತ್ರಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಸ್ಕೂಲಿಗೆ ಬಂದಿದ್ದ ಸಾಂತಾ ಕ್ಲಾಸ್‌ನ ಕೆಂಪು ನಿಲುವಂಗಿ ಕೆಳಗೆ ಪಿ.ಟಿ. ಸರ್ ಶೂ ಕಾಣಿಸಿತಂತೆ. "ಹಾಗಾದ್ರೆ ಸಾಂತಾ ಸುಳ್ಳಾ ಅಪ್ಪಾ?" ಅಂತ ಕೇಳಿ, ಹಾಗೇ ನಿದ್ದೆ ಹೋದೆ. ನೀನು ಏಳೋ ಹೊತ್ತಿಗೆ ನಾನು ಕೆಲಸಕ್ಕೆ ಹೊರಟಿರುತ್ತೇನೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಸುಮಾರು 1,700 ವರ್ಷದ ಹಿಂದೆ ನಿಕೋಲಸ್ ಅಂತ ಒಬ್ಬರಿದ್ದರು. ಈಗಿನ ಟರ್ಕಿಯ ದಕ್ಷಿಣ ಕಡಲತೀರದ ಮೈರಾ ಎಂಬ ಊರಿನ ಬಿಷಪ್. ಜಿಂಕೆ ಗಾಡಿ ಎಲ್ಲ ಆಗ ಇರಲಿಲ್ಲ. ಅವರ ಬಗ್ಗೆ ಜನ ಹೇಳಿಕೊಂಡು ಬಂದ ಕಥೆಗಳಲ್ಲಿ ಒಂದು ನನಗೆ ತುಂಬಾ ಇಷ್ಟ.

ಒಂದು ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಚೆನ್ನಾಗಿ ಬಾಳಿದ್ದ ಮನೆ, ಈಗ ಊಟಕ್ಕೂ ಕಷ್ಟ. ವರದಕ್ಷಿಣೆ ಕೊಡದೆ ಮದುವೆ ಆಗದ ಕಾಲ. ಹೌದು, ಆ ಪಿಡುಗು ಅಲ್ಲೂ ಇತ್ತು. ದಾರಿ ಕಾಣದ ಅಪ್ಪ ಮಕ್ಕಳನ್ನೇ ಮಾರಬೇಕಾದ ಸ್ಥಿತಿಗೆ ಬಂದಿದ್ದ. ಇದನ್ನು ಬರೆಯೋಕೂ ನನಗೆ ಕೈ ಬರುತ್ತಿಲ್ಲ.

ಒಂದು ರಾತ್ರಿ ಕಿಟಕಿಯಿಂದ ಏನೋ ಧೊಪ್ಪಂತ ಬಿತ್ತು. ಬಿಚ್ಚಿದರೆ ಚಿನ್ನದ ಗಂಟು! ದೊಡ್ಡವಳ ಮದುವೆ ಆಯಿತು. ಸ್ವಲ್ಪ ದಿನಕ್ಕೆ ಇನ್ನೊಂದು ಗಂಟು, ಎರಡನೆಯವಳ ಮದುವೆ. ಆಮೇಲೆ ಅಪ್ಪ ಮಲಗಲೇ ಇಲ್ಲ. ಕೊಡುವವರು ಯಾರು ಅಂತ ತಿಳಿಯದೆ ಅವನಿಗೆ ಸಮಾಧಾನವಿಲ್ಲ. ಮೂರನೇ ಗಂಟು ಬಿದ್ದ ಸದ್ದು ಕೇಳಿದ್ದೇ ತಡ, ಬಾಗಿಲು ತೆಗೆದು ಓಡಿದ. ಕತ್ತಲಲ್ಲಿ ಸರಸರ ಹೋಗುತ್ತಿದ್ದವರ ಬಟ್ಟೆ ಹಿಡಿದು ನಿಲ್ಲಿಸಿದ. ನೋಡಿದರೆ ನಿಕೋಲಸ್. ಕಾಲಿಗೆ ಬಿದ್ದ. ಅವರು ಎಬ್ಬಿಸಿ, "ನಾನು ಬದುಕಿರೋ ತನಕ ಯಾರಿಗೂ ಹೇಳಬೇಡ" ಅಂತ ಮಾತು ತಗೊಂಡರಂತೆ.

ಕಥೆ ಬಾಯಿಂದ ಬಾಯಿಗೆ ಹೋಗುತ್ತಾ ಗಂಟು ಕಿಟಕಿ ಬಿಟ್ಟು ಹೊಗೆಗೂಡಿನಿಂದ ಬಿತ್ತು. ಒಲೆ ಹತ್ತಿರ ಒಣಗಲು ಹಾಕಿದ್ದ ಕಾಲುಚೀಲದೊಳಗೆ ಹೋಗಿ ಕೂತಿತು. ಮಕ್ಕಳು ಕಾಲುಚೀಲ ನೇತುಹಾಕೋದು ಅದಕ್ಕೇ ಅಂತ ಹೇಳುತ್ತಾರೆ. ಕೆಲವು ಕಡೆ ಅದರ ತುದಿಯಲ್ಲಿ ಒಂದು ಕಿತ್ತಳೆ ಇಡುತ್ತಾರೆ. ದುಂಡಗೆ, ಹಳದಿಗೆ, ಆ ಚಿನ್ನದ ನೆನಪಿಗೆ.

ಹಾಲೆಂಡಿನಲ್ಲಿ ಇವರು ಸಿಂಟರ್‌ಕ್ಲಾಸ್. ಬರೋದು ಕುದುರೆ ಮೇಲೆ. ಮಕ್ಕಳು ಶೂ ಒಳಗೆ ಕುದುರೆಗೆ ಅಂತ ಕ್ಯಾರೆಟ್ ಇಟ್ಟು ಮಲಗುತ್ತಾರೆ, ಬೆಳಿಗ್ಗೆ ಅಲ್ಲಿ ಉಡುಗೊರೆ! ಆ ಹೆಸರೇ ಅಮೆರಿಕಕ್ಕೆ ಹೋಗಿ ಸಾಂತಾ ಕ್ಲಾಸ್ ಆಯಿತು. ಎಂಟು ಜಿಂಕೆಗಳ ಗಾಡಿ ಬಂದಿದ್ದು 1823ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾದ ಒಂದು ಪದ್ಯದಿಂದ. ಅದೆಲ್ಲ ಸಂಜೆ ಹೇಳ್ತೀನಿ.

ಅಡುಗೆಮನೆ ಕಟ್ಟೆ ಮೇಲೆ ಮೂರು ಕೊಡಗಿನ ಕಿತ್ತಳೆ ಇಟ್ಟಿದ್ದೇನೆ. ಒಂದು ನಿನಗೆ, ಒಂದು ಅಜ್ಜಿಗೆ. ಇನ್ನೊಂದನ್ನು ಪಿ.ಟಿ. ಸರ್‌ಗೆ ಕೊಡು. ಶೂ ವಿಷಯ ಮಾತ್ರ ಯಾರಿಗೂ ಹೇಳಬೇಡ.

ನಿನ್ನ
ಅಪ್ಪ