ಈ ‘ಅವರು’ ಯಾರು ಮಾರಾಯ್ತಿ?

ಪ್ರೀತಿಯ ತಂಗಿ,

ಮತಾಂಧತೆ, ಸಹಬಾಳ್ವೆಯ ಬಗ್ಗೆ ಬರೆದು ಉಡುಪಿಯಿಂದ ನೀನು ಕಳಿಸಿದ ಲೇಖನ ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು, ‘ಅವರು’ ಅಂತ ಬಂದಲ್ಲೆಲ್ಲ ಸುತ್ತು ಹಾಕಿದೆ. ನಾಲ್ಕು ಪುಟಕ್ಕೆ 19 ಸುತ್ತು. ಯಾರು ಮಾರಾಯ್ತಿ ಈ ಅವರು? ಒಂದು ಸಾಲಲ್ಲಿ ಪ್ಯಾರಿಸ್‌ನ ‘ಶಾರ್ಲಿ ಎಬ್ಡೊ’ ಪತ್ರಿಕೆಯ ಕಚೇರಿಗೆ ನುಗ್ಗಿ ಗುಂಡು ಹಾರಿಸಿದವರು. ಮುಂದಿನ ಸಾಲಲ್ಲೇ ನಿನ್ನ ಪಕ್ಕದ ಬೆಂಚಿನ ಹುಡುಗಿ. 2015ರ ಜನವರಿಯಲ್ಲಿ ಆ ದಾಳಿಯಲ್ಲಿ 12 ಜನರನ್ನು ಕೊಂದವರು ಇಬ್ಬರು. ಇಬ್ಬರು ಅಂತಲೇ ಬರಿ.

ಫ್ರಾನ್ಸ್‌ನ ಎರಡು ಕಾನೂನನ್ನೂ ಕಲಸಿಬಿಟ್ಟಿದ್ದೀ. 2004ರದ್ದು ಎದ್ದು ಕಾಣುವ ಧಾರ್ಮಿಕ ಗುರುತು ಧರಿಸಬಾರದು ಅನ್ನುವಂಥದ್ದು; ಅದು ಸರ್ಕಾರಿ ಶಾಲೆಗಳಿಗೆ ಸಂಬಂಧಿಸಿದ್ದು, ವಿಶ್ವವಿದ್ಯಾಲಯಗಳಿಗಲ್ಲ. ಅದರಲ್ಲಿ ಸಿಖ್ಖರ ಪೇಟ, ದೊಡ್ಡ ಶಿಲುಬೆ ಕೂಡ ಬರುತ್ತದೆ. ಮುಖ ಮುಚ್ಚುವುದರ ಮೇಲಿನ ಕಾನೂನು 2010ರದ್ದು. ಇನ್ನು ಉಡುಪಿಯ ಹಿಜಾಬ್ ವಿಷಯ ನಿನ್ನ ಊರಿನದ್ದೇ, ಅದಕ್ಕೆ ಕೊಟ್ಟದ್ದು ಮೂರೇ ಸಾಲು! ಹೈಕೋರ್ಟ್ ನಿರ್ಬಂಧವನ್ನು ಎತ್ತಿಹಿಡಿದದ್ದು 2022ರ ಮಾರ್ಚ್ 15ಕ್ಕೆ. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬೊಬ್ಬರು ಒಂದೊಂದು ತೀರ್ಪು ಕೊಟ್ಟರು. ಅವರಿಗೇ ಒಮ್ಮತವಾಗದ್ದನ್ನು ನೀನು ಮೂರು ಸಾಲಲ್ಲಿ ಮುಗಿಸಿದ್ದೀಯಲ್ಲ, ನಿನ್ನ ಧೈರ್ಯ ಮೆಚ್ಚಬೇಕು.

‘ಎಲ್ಲರೊಂದಿಗೆ ಬೆರೆಯಬೇಕು’ ಅಂತ ಬರೆದ ಕೂಡಲೇ ಬಪ್ಪ ಬ್ಯಾರಿಯನ್ನು ಕರೆತಂದಿದ್ದೀ. ಗೊತ್ತಿತ್ತು ನನಗೆ. ಮೂಲ್ಕಿಯ ಬಪ್ಪನಾಡು ದೇವಸ್ಥಾನ ಕಟ್ಟಿಸಿದ್ದು ಬಪ್ಪ ಅನ್ನುವ ಈ ಮುಸ್ಲಿಂ ವ್ಯಾಪಾರಿ ಎಂಬ ಐತಿಹ್ಯವನ್ನು ನಾನೂ ಎಷ್ಟೋ ಲೇಖನದ ಕೊನೆಗೆ ಅಂಟಿಸಿದ್ದೇನೆ. ಸುಲಭ ನೋಡು. ಆದರೆ 2022ರಲ್ಲಿ ಅದೇ ದೇವಸ್ಥಾನದ ಜಾತ್ರೆಗೆ ಮುಸ್ಲಿಂ ವ್ಯಾಪಾರಿಗಳು ಬರಬಾರದು ಅಂತ ಬ್ಯಾನರ್ ಬಿತ್ತು. ಐತಿಹ್ಯ ಬರೆದರೆ ಬ್ಯಾನರನ್ನೂ ಬರಿ. ಆ ವರ್ಷ ಬಳೆ, ಆಟಿಕೆ ಮಾರದೆ ವಾಪಸ್ ಹೋದವರನ್ನು ಹುಡುಕಿ ಮಾತಾಡಿಸು. ಬೆರೆಯುವುದು ಅಂದರೆ ಎಂತ ಅಂತ ಅವರೇ ಹೇಳಲಿ.

ನನ್ನದೊಂದು ತಪ್ಪು ಹೇಳುತ್ತೇನೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್‌ಗೆ ನುಗ್ಗಿ ಹುಡುಗಿಯರನ್ನು ಹೊಡೆದರಲ್ಲ, ಆಗ ನಾನೂ ಖಂಡಿಸಿ ಬರೆದೆ. ಮೊದಲ ಸಾಲು ಹೀಗಿತ್ತು: ‘ಹುಡುಗಿಯರು ಪಬ್‌ಗೆ ಹೋಗುವುದು ಸರಿಯಲ್ಲ, ಆದರೆ...’ ಪತ್ರಿಕೆಯವರಿಗೆ ತುಂಬ ಹಿಡಿಸಿತು. ಮೂರು ದಿನ ಬಿಟ್ಟು ಪಕ್ಕದ ಮನೆಯ ಹುಡುಗಿ ಗೇಟಿನ ಹತ್ತಿರ ಕೇಳಿದಳು, ‘ಅಂಕಲ್, ಹೊಡೆದವರ ಬಗ್ಗೆ ಹೇಳುವ ಮೊದಲು ನಮ್ಮ ಬಗ್ಗೆ ಹೇಳಬೇಕಿತ್ತಾ?’ ಕೈಯಲ್ಲಿ ಹಾಲಿನ ಪ್ಯಾಕೆಟ್ ಇತ್ತು, ಉತ್ತರ ಇರಲಿಲ್ಲ. ನಮ್ಮವರಿಗೆ ಬೇಜಾರಾಗಬಾರದು ಅಂತ ಹಾಕಿದ ಸಾಲು ಅದು. ಬೇರೆಯವರ ಮನೆಯ ಮತಾಂಧರನ್ನು ಬೈಯುವಾಗ ನನ್ನ ಪೆನ್ನಿಗೆ ಇಂಥ ‘ಆದರೆ’ ಬಂದದ್ದೇ ಇಲ್ಲ.

ಲೇಖಕಿ ಸಾರಾ ಅಬೂಬಕ್ಕರ್ ಮಂಗಳೂರಲ್ಲೇ ಇದ್ದು ತಲಾಖಿನ ಬಗ್ಗೆ, ತಮ್ಮದೇ ಸಮುದಾಯದ ಗಂಡಸರ ಬಗ್ಗೆ ಬರೆದರು. ಬೈಸಿಕೊಂಡದ್ದು ಸ್ವಂತದವರಿಂದಲೇ. ಕಾನೂನು ಕೊಡುವ ವಾಕ್ ಸ್ವಾತಂತ್ರ್ಯ ಸಂವಿಧಾನದ 19ನೇ ವಿಧಿಯಲ್ಲಿದೆ, ಅದಕ್ಕೆ ಹಾಕಿದ ಮಿತಿಯೂ ಅಲ್ಲೇ ಇದೆ, ಓದಿಕೋ. ಆದರೆ ನಮ್ಮವರ ಬಗ್ಗೆಯೇ ಬರೆದು ಮದುವೆಮನೆಯಲ್ಲಿ ಮಾವನ ಪಕ್ಕ ಊಟಕ್ಕೆ ಕೂತಾಗ ಅದು ಜಾಸ್ತಿ ಸಹಾಯ ಮಾಡುವುದಿಲ್ಲ.

ಎರಡನೇ ಪುಟದ ಕೊನೆಗೆ ನಿನ್ನ ಬೆಂಚಿನ ಹುಡುಗಿ ಪರೀಕ್ಷೆಗೆ ಬಾರದ ದಿನದ ಮಾತು ಬರುತ್ತದೆ. ಅವಳ ನೋಟ್ಸ್ ನಿನ್ನ ಹತ್ತಿರವೇ ಉಳಿಯಿತು ಅಂದಿದ್ದೀ. ಅಲ್ಲಿ ಸುತ್ತು ಹಾಕಿಲ್ಲ, ಗೆರೆ ಎಳೆದಿದ್ದೇನೆ. ಲೇಖನ ಅಲ್ಲಿಂದ ಶುರುಮಾಡು. ಅವಳಿಗೆ ಮೊದಲು ಒಂದು ಫೋನ್ ಮಾಡು, ಹೆಸರು ಹಾಕಬಹುದಾ ಅಂತ ಕೇಳು. ಬೇಡ ಅಂದರೆ ಹಾಕಬೇಡ.

ಭಾನುವಾರ ಬಾ. ನೀರುದೋಸೆ ಇರುತ್ತದೆ.

ನಿನ್ನ ಅಣ್ಣ