ಮಗಳಿಗೆ ಕಾಲೇಜ್ ತಂಡ ಸಿಕ್ಕಿತು, ಒಂದಷ್ಟು ಥ್ಯಾಂಕ್ಸ್ ಬಾಕಿ ಇದೆ

ಡಿಸೆಂಬರ್‌ನಲ್ಲಿ ಪತ್ರ ಬಂತು. ಮಗಳು ಪೆನ್ಸಿಲ್ವೇನಿಯಾದ ಆ ಚಿಕ್ಕ ಕಾಲೇಜಿಗೆ ಹೋಗುವುದು, ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಡುವುದು ಗಟ್ಟಿಯಾಯಿತು. ಕಾಲೇಜಿನ ಹೆಸರು, ಅವಳ ಮಂಡಿಗೆ ಆಪರೇಷನ್ ಆದ ಕಥೆ ಎಲ್ಲ ನಿಮಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಅವತ್ತು ಫೋನ್ ಮಾಡಿದ ಯಾರ ಜೊತೆಗೂ ನೆಟ್ಟಗೆ ಮಾತಾಡಲು ಆಗಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಆಪರೇಷನ್ ಆದ ವಾರ ಸಾರು, ಪಲ್ಯ ಡಬ್ಬಿ ಕಟ್ಟಿ ತಂದುಕೊಟ್ಟ ಕನ್ನಡ ಕೂಟದ ಗೆಳತಿಯರು, ಹಳೇ ಪಂದ್ಯಗಳ ವಿಡಿಯೋ ಹುಡುಕಿಕೊಟ್ಟ ಹೈಸ್ಕೂಲ್ ಕೋಚ್, ಬೈದು ಬೈದು ಕಾಲು ಮಡಿಸಿದ ಫಿಸಿಯೋ ಮೇಡಂ, ಆಫೀಸಿನಲ್ಲಿ ನನ್ನ ಕೆಲಸವನ್ನೂ ಹೊತ್ತುಕೊಂಡವರು, ಎಲ್ಲರಿಗೂ ಥ್ಯಾಂಕ್ಸ್. ಡಬ್ಬಿಗಳು ಇನ್ನೂ ಇಲ್ಲೇ ಇವೆ. ನಿಮ್ಮದು ಯಾವುದು ಅಂತ ಬಂದು ನೋಡಿ ತೆಗೆದುಕೊಂಡು ಹೋಗಿ.

ಇನ್ನು ಒಬ್ಬರ ಬಗ್ಗೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಮಗಳ ಕ್ಲಬ್ ತಂಡದಲ್ಲಿ ಜೊತೆಗೆ ಆಡುತ್ತಿದ್ದ ಹುಡುಗಿಯ ಅಮ್ಮ. ಅಮೆರಿಕದವರೇ. ಮಗಳು ಅವರನ್ನು ಆಂಟಿ ಅನ್ನುತ್ತಾಳೆ, ನಮ್ಮಿಂದ ಕಲಿತದ್ದು.

ಇಲ್ಲಿ ಕಾಲೇಜ್ ಆಟಗಳಿಗೆ ಡಿವಿಷನ್ 1, 2, 3 ಅಂತ ಮೂರು ಹಂತ. ಡಿವಿಷನ್ 2 ಕಾಲೇಜೊಂದು ವಸಂತದಲ್ಲೇ ಮಗಳಿಗೆ ಬಾಯಿಮಾತಿನ ಆಫರ್ ಕೊಟ್ಟಿತ್ತು. ಇಲ್ಲಿ ಬಾಯಿಮಾತಿನ ಆಫರ್‌ಗೆ ಯಾವ ಕಟ್ಟುಪಾಡೂ ಇಲ್ಲ, ಯಾರು ಬೇಕಾದರೂ ಹಿಂದೆ ಸರಿಯಬಹುದು. ಆಗಸ್ಟ್‌ನಲ್ಲಿ ಒಂದು ಸಂಜೆ ಅಲ್ಲಿನ ಕೋಚ್ ಫೋನ್ ಮಾಡಿ ಮಂಡಿ ಬೇಗ ವಾಸಿಯಾಗಲಿ ಎಂದು ಹಾರೈಸಿದರು. ಆಮೇಲೆ ಆ ಜಾಗ ಬೇರೆಯವರಿಗೆ ಹೋಗಿದೆ ಅಂದರು. ಅಷ್ಟೇ. ಮಗಳು "ಥ್ಯಾಂಕ್ಯೂ ಕೋಚ್" ಅಂದು ಫೋನ್ ಇಟ್ಟಳು. ಆ ಕಾಲೇಜಿನ ಹೆಸರಿದ್ದ ಸ್ವೆಟ್‌ಶರ್ಟ್ ತಂದು ಅಡುಗೆಮನೆಯ ಕಸದ ಬುಟ್ಟಿಗೆ ಹಾಕಿ, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಳುವ ಸದ್ದೂ ಇಲ್ಲ. ಅದೇ ನನಗೆ ಭಯ. ಇವರು ಅತ್ತೆಗೆ ಹುಷಾರಿಲ್ಲವೆಂದು ಊರಿಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದೆ. ಒಳಗಿಂದ "ಅಮ್ಮ, ಹೋಗು" ಅಂತ ಒಂದೇ ಒಂದು ಸಲ ಕೇಳಿಸಿತು. ಆ ರಾತ್ರಿ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಜಾಸ್ತಿ ಬರೆಯಲು ಆಗುವುದಿಲ್ಲ.

ನಾನು ಮೆಸೇಜ್ ಹಾಕಿದ್ದು ಆಂಟಿಗೆ. ಅರ್ಧ ಗಂಟೆಯಲ್ಲಿ ಬಂದರು. ಸಮಾಧಾನ, ಗಿಮಾಧಾನ ಏನೂ ಹೇಳಲಿಲ್ಲ. ಬುಟ್ಟಿಯಿಂದ ಸ್ವೆಟ್‌ಶರ್ಟ್ ಎತ್ತಿ, ಅಂಟಿದ್ದ ಟೀ ಚರಟ ಕೊಡವಿ, "ಒಳ್ಳೇ ಹತ್ತಿ ಬಟ್ಟೆ, ನೆಲ ಒರೆಸೋಕೆ ಆಗುತ್ತೆ" ಅಂತ ಸಿಂಕ್ ಕೆಳಗೆ ತುರುಕಿದರು. ಬಾಗಿಲು ತಟ್ಟಿ, "ಲ್ಯಾಪ್‌ಟಾಪ್ ತಗೊಂಡು ಬಾ, ಕೆಲಸ ಇದೆ" ಅಂದರು. ಬಂದಳು! ನಾನು ಕರೆದರೆ ಬಾರದವಳು.

ಅವರು ತಂದಿದ್ದು ಒಂದು ಪಟ್ಟಿ. ಡಿವಿಷನ್ 3 ಕಾಲೇಜುಗಳು, ಕೋಚ್‌ಗಳ ಹೆಸರು, ಯಾವ ತಂಡದಲ್ಲಿ ಯಾವ ಗಾರ್ಡ್ (ಚೆಂಡು ನಡೆಸುವ ಆಟಗಾರ್ತಿ) ಈ ವರ್ಷ ಓದು ಮುಗಿಸಿ ಹೋಗುತ್ತಾಳೆ, ಎಲ್ಲಿ ಜಾಗ ಖಾಲಿಯಾಗುತ್ತದೆ, ಎಲ್ಲವೂ ಅದರಲ್ಲಿತ್ತು. ತಮ್ಮ ಮಗಳಿಗೋಸ್ಕರ ವರ್ಷಗಟ್ಟಲೆ ಕೂತು ಮಾಡಿಟ್ಟದ್ದು. ಅವಳಿಗೂ ಆಗ ಇನ್ನೂ ಎಲ್ಲೂ ಆಗಿರಲಿಲ್ಲ. ಇಬ್ಬರೂ ಗಾರ್ಡ್‌ಗಳು. ಒಂದೇ ಜಾಗಕ್ಕೆ ಇಬ್ಬರೂ ನಿಲ್ಲಬಹುದಿತ್ತು. ನಾನಾಗಿದ್ದರೆ ಆ ಪಟ್ಟಿ ಕೊಡುತ್ತಿದ್ದೆನಾ? ಗೊತ್ತಿಲ್ಲ.

ಬೆಳಗಿನ ಜಾವದವರೆಗೆ ಮೇಲ್ ಬರೆಸಿದರು. ನಾನು ಒಂದು ಸಾಲು ತಿದ್ದಲು ಹೋದರೆ ಬಿಡಲಿಲ್ಲ. ಕೋಚ್‌ಗೆ ಬೇಕಿರುವುದು ಆಡುವವಳ ಮಾತು, ಅವಳ ಅಮ್ಮನದ್ದಲ್ಲ. ಎತ್ತರ, ಮಾರ್ಕ್ಸ್, ಶಾಲೆ ಮುಗಿಯುವ ವರ್ಷ ಮೊದಲು. ಮಂಡಿಯ ವಿಷಯವೂ ಮೇಲುಗಡೆಯೇ ಇರಬೇಕು, ಕೊನೆಗೆ ಬಚ್ಚಿಡಬಾರದು. ವಿಡಿಯೋದಲ್ಲಿ ಹಾಡು ಬೇಡ, ಬಾಸ್ಕೆಟ್ ಹಾಕಿದ್ದೊಂದೇ ಅಲ್ಲ, ಡಿಫೆನ್ಸ್ ಕೂಡ ಕಾಣಬೇಕು. ಪಟ್ಟಿಯ ಪ್ರತಿ ಹೆಸರಿಗೂ ಒಂದೇ ಪ್ರಶ್ನೆ: "ನಾಳೆಯಿಂದ ಆಟವೇ ಇಲ್ಲ ಅಂದ್ರೂ ಇಲ್ಲಿ ನಾಲ್ಕು ವರ್ಷ ಇರ್ತೀಯಾ?" ಇಲ್ಲ ಅಂದದ್ದಕ್ಕೆಲ್ಲ ಗೀಟು. ನಾನು ಮಾಡಿದ್ದು ಕಾಫಿ ಮತ್ತು ಉಪ್ಪಿಟ್ಟು. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡರು. ಆಮೇಲೆ ಶೂ ಕೂಡ ಬಿಚ್ಚದೆ ಸೋಫಾ ಮೇಲೆ ಸ್ವಲ್ಪ ಹೊತ್ತು ಉರುಳಿ, ಎದ್ದು ಸೀದಾ ಕೆಲಸಕ್ಕೆ ಹೋದರು.

ಉತ್ತರ ಕೊಟ್ಟ ಕೋಚ್‌ಗಳಲ್ಲಿ ಒಬ್ಬರು ಮಾತ್ರ ಮಂಡಿಗಿಂತ ಮೊದಲು ಓದಿನ ಬಗ್ಗೆ ಕೇಳಿದರು. ಮಾರ್ಕ್ಸ್ ಕಾರ್ಡ್ ತರಿಸಿಕೊಂಡು ಅಡ್ಮಿಷನ್ ಆಫೀಸಿಗೆ ತೋರಿಸಿದರು. ಇದಕ್ಕೆ ಪ್ರೀ-ರೀಡ್ ಅನ್ನುತ್ತಾರೆ. ಅರ್ಜಿ ಹಾಕುವ ಮುಂಚೆಯೇ ಸೀಟು ಸಿಗುವ ಹಾಗಿದೆಯಾ ಅಂತ ಅಂದಾಜು ಸಿಗುತ್ತದೆ. ಒಂದು ಸೀಸನ್ ಕಾಯುತ್ತೇವೆ ಎಂದೂ ಹೇಳಿದರು. ಆ ಕೋಚ್‌ಗೂ ದೊಡ್ಡ ಥ್ಯಾಂಕ್ಸ್.

ಊರಿಂದ ಚಿಕ್ಕಪ್ಪ ಕೇಳಿದರು, "ಹಾಗಾದ್ರೆ ಫೀಸ್ ಪೂರ್ತಿ ಫ್ರೀ ಅಲ್ವಾ?" ಅಲ್ಲ ಚಿಕ್ಕಪ್ಪ. ಡಿವಿಷನ್ 3 ಅಂದರೆ 430ರ ಆಸುಪಾಸು ಕಾಲೇಜುಗಳು, ಎಲ್ಲೂ ಆಟಕ್ಕೆ ಅಂತ ಒಂದು ಪೈಸೆ ಸ್ಕಾಲರ್‌ಶಿಪ್ ಇಲ್ಲ. ಸಿಕ್ಕಿದ್ದು ಓದಿಗೆ ಕೊಟ್ಟ ಹಣ. ಮಂಡಿ ಹೋದರೂ ಅದು ಹೋಗುವುದಿಲ್ಲ. ಚಿಕ್ಕ ಕಾಲೇಜು ಅಂದರೆ ಸುಮ್ನೆ ಟೈಂಪಾಸ್ ಆಟ ಅಂತಲೂ ಅಲ್ಲ. 2024ರಲ್ಲಿ ನ್ಯೂಯಾರ್ಕ್ ಯೂನಿವರ್ಸಿಟಿಯ ಹುಡುಗಿಯರು 31ಕ್ಕೆ 31 ಪಂದ್ಯ ಗೆದ್ದು ಈ ಡಿವಿಷನ್‌ನ ಚಾಂಪಿಯನ್ ಆದರು. ಫೈನಲ್‌ನಲ್ಲಿ ಸೋತದ್ದು ಸ್ಮಿತ್ ಕಾಲೇಜು. ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಶುರುವಾದದ್ದೇ ಅಲ್ಲಿ, 1892ರಲ್ಲಿ, ಸೆಂಡಾ ಬೆರೆನ್ಸನ್ ಅನ್ನುವ ವ್ಯಾಯಾಮದ ಮೇಡಂ ಕೈಯಲ್ಲಿ. ಇದೆಲ್ಲ ನಾನು ಈಚೆಗೆ ಓದಿಕೊಂಡದ್ದು. ಈಗ ಯಾರಾದರೂ "ಚಿಕ್ಕದಾ?" ಅಂದರೆ ಪಾಠವನ್ನೇ ಶುರು ಮಾಡುತ್ತೇನೆ, ಎಚ್ಚರ.

ಆಂಟಿಯ ಮಗಳಿಗೂ ನ್ಯೂಯಾರ್ಕ್ ರಾಜ್ಯದ ಮೇಲುಗಡೆ ಒಂದು ಕಾಲೇಜ್ ಸಿಕ್ಕಿದೆ, ಅದೂ ಡಿವಿಷನ್ 3. ಆ ಸುದ್ದಿ ಬಂದ ದಿನವೇ ನಮ್ಮ ಮನೆಯಲ್ಲಿ ನಿಜವಾದ ಪಾಯಸ ಆಗಿದ್ದು.

ಸೀಸನ್ ನವೆಂಬರ್‌ಗೆ ಶುರು. ಮೊದಲ ವರ್ಷ ಬೆಂಚ್ ಮೇಲೇ ಜಾಸ್ತಿ ಕೂರಬಹುದು ಅಂತ ಮಗಳೇ ಹೇಳಿದ್ದಾಳೆ, ಬರುವವರು ಅದಕ್ಕೆ ತಯಾರಾಗಿ ಬನ್ನಿ. ವೇಳಾಪಟ್ಟಿ ಬಂದ ಕೂಡಲೇ ಕಳಿಸುತ್ತೇನೆ. ಕಾರು ಹಂಚಿಕೊಳ್ಳೋಣ. ಪುಳಿಯೋಗರೆ, ಮೊಸರನ್ನ ನನ್ನ ಜವಾಬ್ದಾರಿ. ಆಂಟಿಗೆ ಮಾತ್ರ ಉಪ್ಪಿಟ್ಟು.