ತೂಕಡಿಸದ ಕಾವಲುಗಾರ

ನೋಡು ಮಾರಾಯ, ನಿನ್ನ ಪದ್ಯ ಎರಡು ಸಲ ಓದಿದೆ. ದೇವರು ಕಾಯುತ್ತಾನೆ ಅಂತ ಬರೆಯಲು ಹೊರಟಿದ್ದೀಯ, ಸರಿ. ಆದರೆ ಕೃಪೆ, ಅಭಯ, ಕರುಣಾಸಾಗರ ಎಲ್ಲ ಬಂದು ಕೂತಿವೆ, ಹೆದರಿದ ಮನುಷ್ಯ ಮಾತ್ರ ಎಲ್ಲೂ ಕಾಣಲಿಲ್ಲ. ಹೆದರಿಕೆಯೇ ಇಲ್ಲದ ಕಡೆ ಕಾಯುವವನಿಗೇನು ಕೆಲಸ?

ಬೈಬಲ್ಲಿನ ಕೀರ್ತನೆಗಳಲ್ಲಿ 121ನೆಯದನ್ನು ತೆಗೆದು ಓದು. ಎಂಟೇ ವಚನ. ಬೆಟ್ಟಗಳ ಕಡೆ ಕಣ್ಣೆತ್ತಿ, ನನಗೆ ಸಹಾಯ ಎಲ್ಲಿಂದ ಬಂದೀತು ಅಂತ ಒಬ್ಬ ಕೇಳುತ್ತಾನೆ. ಅಲ್ಲಿಂದ ಮುಂದೆ ಬರುವುದೆಲ್ಲ ದಾರಿ ನಡೆಯುವವನ ಚಿಂತೆಗಳೇ: ಕಾಲು ಜಾರಬಾರದು, ಹಗಲು ಬಿಸಿಲು ಹೊಡೆಯಬಾರದು, ರಾತ್ರಿ ಚಂದ್ರ ಕಾಡಬಾರದು. (ಚಂದ್ರನಿಗೂ ಹೆದರುತ್ತಿದ್ದರು, ನಾವಾಗಿದ್ದರೆ ಪ್ರೇಮಗೀತೆ ಬರೆಯುತ್ತಿದ್ದೆವು!) ದೇವರು ಇಲ್ಲಿ ಬಲಗಡೆಯ ನೆರಳು, ಅಷ್ಟೇ.

ಕೀರ್ತನೆಗಳ ಮೂಲ ಭಾಷೆ ಹೀಬ್ರೂವಿನಲ್ಲಿ 'ಶಾಮರ್' ಅಂದರೆ ಕಾಯು. ಈ ಪುಟ್ಟ ಹಾಡಿನಲ್ಲಿ ಆ ಧಾತು ಆರು ಸಲ ಬರುತ್ತದೆ. ಕಾಯುವವನು ತೂಕಡಿಸುವುದಿಲ್ಲ ಅಂತ ಒಮ್ಮೆ ಹೇಳಿ, ನಂಬಿಕೆ ಬರಲಿಲ್ಲವೇನೋ ಅನ್ನುವಂತೆ, ಮರುವಚನದಲ್ಲೇ ತೂಕಡಿಸುವುದೂ ಇಲ್ಲ, ನಿದ್ದೆ ಮಾಡುವುದೂ ಇಲ್ಲ ಅಂತ ಸೇರಿಸುತ್ತಾನೆ ಕವಿ. ಅಳುವ ಮಗುವಿಗೆ ನಾವೂ ಹೇಳಿದ್ದನ್ನೇ ಹೇಳುತ್ತೇವೆ, ಅಲ್ವಾ?

ಅಮ್ಮ ಐಸಿಯುನಲ್ಲಿದ್ದಾಗ ಈ ಸಾಲು ನನಗೆ ಅರ್ಥವಾಯಿತು. ರಾತ್ರಿ ಮೂರು ಗಂಟೆ, ಹೊರಗೆ ಪ್ಲಾಸ್ಟಿಕ್ ಕುರ್ಚಿ, ಬಾಗಿಲ ಪಕ್ಕದ ಸೆಕ್ಯೂರಿಟಿಯವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ನಾನು ಕಾಯುತ್ತಾ ಕೂತಿದ್ದೆ. ಕನ್ನಡದ 'ಕಾಯು'ವಿಗೆ ರಕ್ಷಿಸು ಅಂತಲೂ ಅರ್ಥ, ಸುಮ್ನೆ ಎದುರುನೋಡು ಅಂತಲೂ ಅರ್ಥ. ಆ ರಾತ್ರಿ ನನ್ನ ಪಾಲಿಗೆ ಬಂದದ್ದು ಎರಡನೆಯದು. ಮೊದಲನೆಯದನ್ನು ಮಾಡುವವನು ಯಾರೋ ಒಬ್ಬನಾದರೂ ಎಚ್ಚರವಾಗಿರಲಿ ಅನ್ನಿಸಿತು. ಜಾಸ್ತಿ ಏನೂ ಅನ್ನಿಸಲಿಲ್ಲ.

1979ರಲ್ಲಿ ಜೆರುಸಲೇಮಿನ ಕೆತೆಫ್ ಹಿನ್ನೋಮ್‌ನಲ್ಲಿ ಹಳೆಯ ಗೋರಿಗಳನ್ನು ಅಗೆದಾಗ ಎರಡು ಪುಟ್ಟ ಬೆಳ್ಳಿ ಸುರುಳಿಗಳು ಸಿಕ್ಕವು. ನಮ್ಮ ತಾಯತದ ಹಾಗೆ. ಸುಮಾರು 2,600 ವರ್ಷ ಹಳೆಯವು. ಪುಡಿಯಾಗದಂತೆ ಬಿಚ್ಚಿ ನೋಡಿದರೆ ಒಳಗೆ ಕೂದಲೆಳೆಯಂಥ ಗೀರುಗಳಲ್ಲಿ ಬರೆದಿತ್ತು, ಯೆಹೋವನು (ಬೈಬಲ್ಲಿನಲ್ಲಿ ದೇವರ ಹೆಸರು) ನಿನ್ನನ್ನು ಆಶೀರ್ವದಿಸಿ ಕಾಯಲಿ ಅಂತ. ಅದೇ ಶಾಮರ್. ಸುರುಳಿ ಸುತ್ತಿದ ಮೇಲೆ ಓದಲು ಬರುವುದಿಲ್ಲ, ಆದರೂ ಬರೆಸಿಕೊಂಡಿದ್ದರು. ಯಹೂದಿಗಳು ಇವತ್ತಿಗೂ 121ನೆಯ ಕೀರ್ತನೆಯನ್ನು ಬಾಣಂತಿ ಕೋಣೆಯಲ್ಲಿ ತೂಗುಹಾಕುತ್ತಾರೆ.

ಹಾಗಂತ ಎಲ್ಲ ಪದ್ಯವೂ ಸಮಾಧಾನಕ್ಕೇ ಬಂದು ನಿಲ್ಲಬೇಕಿಲ್ಲ. 88ನೆಯ ಕೀರ್ತನೆ ಹೀಬ್ರೂವಿನಲ್ಲಿ ಕತ್ತಲೆ ಅನ್ನುವ ಪದದಲ್ಲೇ ಮುಗಿಯುತ್ತದೆ. ಅದಕ್ಕೆ ಯಾರೂ ದೀಪ ಹಚ್ಚಲು ಹೋಗಿಲ್ಲ, ಒಟ್ಟು 150 ಕೀರ್ತನೆಗಳ ನಡುವೆ ಹಾಗೇ ಬಿಟ್ಟಿದ್ದಾರೆ.

ನಿನ್ನ ಪದ್ಯದಲ್ಲಿ ಅಜ್ಜಿ ಮಲಗುವ ಮುಂಚೆ ಬಾಗಿಲ ಚಿಲಕವನ್ನು ಎರಡೆರಡು ಸಲ ಮುಟ್ಟಿ ನೋಡುವ ಸಾಲೊಂದಿದೆಯಲ್ಲ, ಅದೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಹರಿದುಹಾಕು. ಯುಗಾದಿಗೆ ಊರಿಗೆ ಬರುತ್ತೀಯಲ್ಲ, ಹೊಸದನ್ನು ಆಗ ತಂದು ತೋರಿಸು.